ಪರದೆಯ ಮೇಲಿನ ಧೂಳು

ನಾನು ಕೆಲಸದಿಂದ ನಿವೃತ್ತನಾದ ಮೇಲೆ ಮಗ ಒಂದು ಲ್ಯಾಪ್‌ಟಾಪ್ ತಂದುಕೊಟ್ಟ. ಹಳೆಯ ಟಿಪ್ಪಣಿಗಳನ್ನು ಅದರಲ್ಲಿ ಬೆರಳಚ್ಚು ಮಾಡುವುದು ನನ್ನ ದಿನಚರಿಯಾಯಿತು. ಪ್ರತಿದಿನ ಬೆಳಿಗ್ಗೆ ಅದರ ಪರದೆಯನ್ನು ಒಣ ನೈಲಾನ್ ಬಟ್ಟೆಯಿಂದ ತಿಕ್ಕಿ ಒರೆಸುತ್ತಿದ್ದೆ. ಸಂಜೆ ನೋಡಿದರೆ ಮತ್ತೆ ಧೂಳು! ಮನೆಗೆಲಸದ ಹೆಂಗಸು ಸರಿಯಾಗಿ ಗುಡಿಸುವುದಿಲ್ಲವೆಂದು ಬಗೆದು ಒಂದು ದಿನ ಆಕೆಯನ್ನು ಗದರಿಸಿಬಿಟ್ಟೆ. ಆಕೆ ಮರುಮಾತಾಡದೆ, ಬೆಳಿಗ್ಗೆ ತಾನು ಒದ್ದೆ ಬಟ್ಟೆಯಿಂದ ಒರೆಸಿದ್ದ ಮರದ ಪೆಟ್ಟಿಗೆಯ ಮೇಲೆ ಬೆರಳಾಡಿಸಿ ತೋರಿಸಿದಳು. ಬೆರಳಿಗೆ ಧೂಳು ಹತ್ತಲಿಲ್ಲ. ಕೋಣೆ ಒಂದೇ, ಗಾಳಿಯೂ ಒಂದೇ. ಮಲಗಿರುವ ಪೆಟ್ಟಿಗೆಗಿಂತ ನೆಟ್ಟಗೆ ನಿಂತ ಪರದೆಗೆ ಹೆಚ್ಚು ಧೂಳು ಹಿಡಿಯುವುದೆಂದರೇನು?

ಧೂಳೆಂದರೆ ಬರಿಯ ಮಣ್ಣಲ್ಲ. ಬಟ್ಟೆಯ ಎಳೆ, ಹೂವಿನ ಪರಾಗ, ಮಸಿ, ನಮ್ಮ ಮೈಯಿಂದ ಉದುರಿದ ಚರ್ಮದ ಸಣ್ಣ ಚೂರುಗಳು, ಇವೆಲ್ಲವೂ ಅದರಲ್ಲಿ ಬೆರೆತಿರುತ್ತವೆ. ಇವುಗಳನ್ನು ಪರದೆಯ ಕಡೆಗೆ ಸೆಳೆಯುವ ಬಲವನ್ನು ನೀವು ಬಲ್ಲಿರಿ. ಒಣಗಿದ ತಲೆಗೂದಲನ್ನು ಬಾಚಿದ ಪ್ಲಾಸ್ಟಿಕ್ ಬಾಚಣಿಗೆ ಕಾಗದದ ಚೂರುಗಳನ್ನು ಎತ್ತುತ್ತದೆಯಲ್ಲವೇ? ಅದೇ ಸ್ಥಾಯೀ ವಿದ್ಯುತ್ತು. ತಿಕ್ಕಿದ ಅಂಬರು ಹಗುರವಾದ ವಸ್ತುಗಳನ್ನು ಸೆಳೆಯುವುದನ್ನು ಪ್ರಾಚೀನ ಗ್ರೀಕರೂ ಕಂಡಿದ್ದರು. ಅಂಬರಿಗೆ ಅವರಿಟ್ಟಿದ್ದ ‘ಎಲೆಕ್ಟ್ರಾನ್’ ಎಂಬ ಹೆಸರೇ ಇಂದು ಪರಮಾಣುವಿನೊಳಗಿನ ಕಣಕ್ಕೂ ಬಂದಿದೆ.

ಒಣ ಬಟ್ಟೆಯಿಂದ ಪರದೆಯನ್ನು ತಿಕ್ಕಿದಾಗ ಎರಡರಲ್ಲಿ ಒಂದು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತದೆ, ಮತ್ತೊಂದು ಪಡೆದುಕೊಳ್ಳುತ್ತದೆ. ಪರದೆಯ ಹೊರಮೈ ಗಾಜಾಗಲಿ ಪ್ಲಾಸ್ಟಿಕ್ಕಾಗಲಿ, ಅವಾಹಕವೇ. ಆದುದರಿಂದ ವಿದ್ಯುದಾವೇಶವು ಹರಿದುಹೋಗದೆ ಅಲ್ಲಿಯೇ ನಿಲ್ಲುತ್ತದೆ. ಆವೇಶವಿಲ್ಲದ ಧೂಳಿನ ಕಣವೂ ಅದರ ಸೆಳೆತಕ್ಕೆ ಸಿಲುಕುತ್ತದೆ. ಕಣದಲ್ಲಿ ಪರದೆಗೆ ಸಮೀಪವಾದ ಪಕ್ಕ ವಿರುದ್ಧ ಆವೇಶವನ್ನು ತಾಳುತ್ತದೆ, ದೂರದ ಪಕ್ಕ ಸಮಾನ ಆವೇಶವನ್ನು. ಸಮೀಪದ ಆಕರ್ಷಣೆ ದೂರದ ವಿಕರ್ಷಣೆಯನ್ನು ಮೀರಿಸುತ್ತದೆ.

ಹಾಗಾದರೆ ಆವೇಶ ಕಳೆದ ಮೇಲೆ ಧೂಳು ಉದುರಬೇಡವೇ? ಉದುರುವುದಿಲ್ಲ. ಇಲ್ಲಿ ಗಾತ್ರದ ಲೆಕ್ಕವೊಂದಿದೆ. ಕಣದ ಅಡ್ಡಳತೆ ಹತ್ತರಲ್ಲೊಂದಾದರೆ ಅದರ ತೂಕ ಸಾವಿರದಲ್ಲೊಂದಾಗುತ್ತದೆ. ಆದರೆ ಅಣುಗಳ ನಡುವಣ ಅಂಟುವ ಬಲ ಸುಮಾರು ಹತ್ತರಲ್ಲೊಂದಕ್ಕೆ ಮಾತ್ರ ಇಳಿಯುತ್ತದೆ. ಕಲ್ಲು ಗೋಡೆಗೆ ಅಂಟದು, ಧೂಳು ಅಂಟುವುದು, ಇದಕ್ಕೆ ಕಾರಣ ಇದೇ. ಬೆರಳಿನ ಜಿಡ್ಡೂ ಸೇರಿದರೆ ಕೇಳುವುದೇ ಬೇಡ.

ಹಿಂದಿನ ದಪ್ಪ ಟೆಲಿವಿಷನ್ ಪೆಟ್ಟಿಗೆಗಳು ಇನ್ನೂ ಹೆಚ್ಚು ಧೂಳು ಹಿಡಿಯುತ್ತಿದ್ದವು. ಬಣ್ಣದ ಟೆಲಿವಿಷನ್ನಿನ ಚಿತ್ರನಳಿಕೆಯೊಳಗೆ 20,000 ವೋಲ್ಟಿಗೂ ಮೀರಿದ ವಿದ್ಯುತ್ತು ಇರುತ್ತಿತ್ತು. ಕೈಯನ್ನು ಗಾಜಿನ ಬಳಿಗೆ ಒಯ್ದರೆ ರೋಮ ನಿಮಿರುತ್ತಿತ್ತು. ಇಂದಿನ ಚಪ್ಪಟೆ ಪರದೆಗಳಲ್ಲಿ ಅಂತಹ ವಿದ್ಯುತ್ತಿಲ್ಲ. ನನ್ನ ಪರದೆಗೆ ಆವೇಶವನ್ನು ಕೊಡುತ್ತಿದ್ದುದು ಬಹುಮಟ್ಟಿಗೆ ನನ್ನ ಕೈಯೇ! ಬಯಲುಸೀಮೆಯ ನಮ್ಮೂರಿನಲ್ಲಿ ಮಾಘಮಾಸದ ಒಣ ಗಾಳಿಗೆ ಈ ಉಪದ್ರವ ಹೆಚ್ಚು. ಮಳೆಗಾಲದಲ್ಲಿ ತೇವವು ಆವೇಶವನ್ನು ಮೆಲ್ಲನೆ ಸೋರಿಸಿಬಿಡುತ್ತದೆ.

ಈ ಸೆಳೆತ ಉಪಕಾರಿಯೂ ಹೌದು. ರಾಯಚೂರಿನ ಬಳಿಯ ಶಕ್ತಿನಗರದಲ್ಲಿ ಇರುವಂತಹ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳಲ್ಲಿ, ಕಲ್ಲಿದ್ದಲಿನ ಹೊಗೆಯಲ್ಲಿರುವ ಹಾರುಬೂದಿಗೆ ಬೇಕೆಂದೇ ಆವೇಶ ಕೊಡುತ್ತಾರೆ. ಬೂದಿ ಲೋಹದ ಫಲಕಗಳಿಗೆ ಅಂಟಿಕೊಳ್ಳುತ್ತದೆ. ಫಲಕಗಳನ್ನು ಬಡಿದು ಅದನ್ನು ಕೆಳಗೆ ಬೀಳಿಸುತ್ತಾರೆ. ಹೊಗೆಕೊಳವೆಯಿಂದ ಊರ ಮೇಲೆ ಬೀಳಬೇಕಾಗಿದ್ದ ಬೂದಿಯ ಬಹುಭಾಗ ಹೀಗೆ ಒಳಗೇ ಉಳಿಯುತ್ತದೆ.

ಈಗ ನಾನು ಯಂತ್ರವನ್ನು ಆರಿಸಿ, ಮೆತ್ತನೆಯ ಬಟ್ಟೆಯನ್ನು ತುಸುವೇ ತೇವ ಮಾಡಿ ಹಗುರವಾಗಿ ಒರೆಸುತ್ತೇನೆ. ಗದರಿಸಿದ್ದು ನನ್ನ ತಪ್ಪೆಂದು ಆಕೆಗೆ ಹೇಳಿದೆ. ಆಕೆ ನಕ್ಕು, ನೈಲಾನ್ ಬಟ್ಟೆಯನ್ನು ಮೇಜಿನಿಂದ ಎತ್ತಿಕೊಂಡು ಹೋದಳು.