ಹಳೆಯ ಮನೆಯ ಲಾಭ: ಒಂದು ಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಗೆ ನಮ್ಮ ಮನೆಯವರು ಮೂರನೆಯ ಮಾತೊಂದನ್ನು ಸೇರಿಸಿದ್ದಾರೆ: ‘ಮನೆ ಕೊಂಡು ಮಾರಿ ನೋಡು’.

ನನ್ನ ತಂದೆ ಗಾರೆ ಕೆಲಸದವರು. ಇಪ್ಪತ್ತೈದು ವರ್ಷ ಪರರ ಮನೆ ಕಟ್ಟಿದವರು 2023ರ ಡಿಸೆಂಬರಿನಲ್ಲಿ ಮದ್ರಾಸ್ ತಾರಸಿಯ ಹಳೆಯ ಮನೆಯೊಂದನ್ನು 20 ಲಕ್ಷ ರೂಪಾಯಿಗೆ ಕೊಂಡು, ದುರಸ್ತಿ ಮಾಡಿ, 2025ರ ಫೆಬ್ರವರಿಯಲ್ಲಿ 28 ಲಕ್ಷಕ್ಕೆ ಮಾರಿದರು. ಎಂಟು ಲಕ್ಷ ಲಾಭವಾಯಿತೆಂದು ಬೀದಿಯೆಲ್ಲ ಆಡಿಕೊಂಡಿತು. ಖರ್ಚಿನ ಪುಸ್ತಕ ನನ್ನ ಕೈಯಲ್ಲಿದ್ದುದರಿಂದ, ತರಗತಿಯಲ್ಲಿ ಕಲಿತ ಅರ್ಥಶಾಸ್ತ್ರವನ್ನು ಅದರ ಮೇಲೆ ಪರೀಕ್ಷಿಸಿ ನೋಡಿದೆನು.

ಕ್ರಯಪತ್ರದ ದಿನವೇ ಮುದ್ರಾಂಕ ಶುಲ್ಕ ಶೇಕಡ 5, ಅದರ ಮೇಲಿನ ಸೆಸ್ಸು ಮತ್ತು ಅಧಿಭಾರ, ನೋಂದಣಿ ಶುಲ್ಕ ಶೇಕಡ 1, ಒಟ್ಟು ಶೇಕಡ 6.6ರಂತೆ 1,32,000 ರೂಪಾಯಿ ಹೋಯಿತು. ದಲ್ಲಾಳಿಗೆ ಕೊಳ್ಳುವಾಗ 20,000, ಮಾರುವಾಗ 28,000. ಹತ್ತು ಲಕ್ಷ ಸಾಲಕ್ಕೆ ವರ್ಷಕ್ಕೆ ಶೇಕಡ 12ರಂತೆ ಹದಿನಾಲ್ಕು ತಿಂಗಳ ಬಡ್ಡಿ 1,40,000. ಕಂದಾಯ, ವಿದ್ಯುತ್ತು 12,000. ದುರಸ್ತಿಗೆ ಅಂದಾಜು ಮಾಡಿದ್ದು 2,50,000, ಆದದ್ದು 3,60,000.

ಈ ಹೆಚ್ಚುವರಿಯ ಕಾರಣವನ್ನು ಹೇಳಲೇಬೇಕು. ಮದ್ರಾಸ್ ತಾರಸಿಯಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ನಿಲ್ಲಿಸಿ ಸುಣ್ಣದ ಗಾರೆ ಹಾಕುತ್ತಾರೆ. ನೀರು ಇಳಿದರೆ ತೊಲೆಯ ತುದಿ ಗೋಡೆಯೊಳಗೆ ಕೊಳೆಯುತ್ತದೆ, ಹೊರಗೆ ಕಾಣುವುದಿಲ್ಲ. ಗಾರೆ ಬಿಡಿಸಿದಾಗ ನಾಲ್ಕು ತೊಲೆಗಳು ಹುಡಿಯಾಗಿದ್ದವು. ‘ಸುಣ್ಣ ಬಳಿದು ಮಾರಿಬಿಡಿ’ ಎಂದವರು ಅನೇಕರು. ತಂದೆ ಒಪ್ಪಲಿಲ್ಲ. ‘ಅದರ ಕೆಳಗೆ ಯಾರದೋ ಮಕ್ಕಳು ಮಲಗುತ್ತಾರೆ’ ಎಂದು ಹೇಳಿ ತೊಲೆಗಳನ್ನು ಬದಲಿಸಿದರು. ಸಾಮಾನ್ಯ ಎಚ್ಚರಿಕೆಯಿಂದ ಕೊಳ್ಳುವವನಿಗೆ ತಿಳಿಯಲಾಗದ, ತನಗೆ ಮಾತ್ರ ತಿಳಿದಿರುವ ಮುಖ್ಯ ದೋಷವನ್ನು ಮಾರುವವನು ತಿಳಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣ ವಿಧಿಸುತ್ತದೆಂದು ನಾನು ಆಮೇಲೆ ಓದಿದೆನು. ತಂದೆಗೆ ಆ ಕಾನೂನು ಗೊತ್ತಿರಲಿಲ್ಲ.

ಎಲ್ಲ ಸೇರಿ ಖರ್ಚು 26,92,000. ಕೈಯಲ್ಲಿ ಉಳಿದದ್ದು 1,08,000. ಇಲ್ಲಿಗೆ ಅಂಗಡಿಯ ಲೆಕ್ಕ ಮುಗಿಯುತ್ತದೆ. ಅರ್ಥಶಾಸ್ತ್ರದ ಲೆಕ್ಕ ಮುಗಿಯುವುದಿಲ್ಲ. ತಂದೆ ಸ್ವತಃ ತೊಂಬತ್ತು ದಿನ ಕರಣೆ ಹಿಡಿದರು. ಬೇರೆಡೆ ದುಡಿದಿದ್ದರೆ ದಿನಕ್ಕೆ 900ರಂತೆ 81,000 ಬರುತ್ತಿತ್ತು. ಮೊದಲ ದಿನವೇ ತೊಡಗಿಸಿದ ಸ್ವಂತ ಹಣ 11,52,000, ಅಂದರೆ ಅಜ್ಜನ ಜಮೀನು ಮಾರಿ ಬಂದದ್ದು. ಅದು ಶೇಕಡ 7ರ ಠೇವಣಿಯಲ್ಲಿದ್ದಿದ್ದರೆ ಸುಮಾರು 94,000 ಆಗುತ್ತಿತ್ತು. ಇದನ್ನೇ ಅವಕಾಶ ವೆಚ್ಚವೆನ್ನುವರು. ಇವೆರಡನ್ನೂ ಕಳೆದರೆ ಉಳಿಯುವುದು ಲಾಭವಲ್ಲ, 67,000 ರೂಪಾಯಿ ನಷ್ಟ.

ಫ್ರಾಂಕ್ ನೈಟ್ 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಳೆಯಬಲ್ಲ ಅಪಾಯವನ್ನೂ ಅಳೆಯಲಾಗದ ಅನಿಶ್ಚಿತತೆಯನ್ನೂ ಬೇರ್ಪಡಿಸಿ, ಎರಡನೆಯದನ್ನು ಹೊತ್ತವನಿಗೆ ಸಲ್ಲುವುದೇ ಲಾಭವೆಂದು ವಾದಿಸಿದನು. ಗೋಡೆಯೊಳಗಿನ ತೊಲೆ ನಮಗೆ ಅಂಥ ಅನಿಶ್ಚಿತತೆ. ನಾವು ಅದನ್ನು ಹೊತ್ತೆವು. ಆದರೆ ಕೊಳ್ಳುವ ಬೆಲೆಯಲ್ಲಿ ಅದಕ್ಕೆ ಸ್ಥಳ ಬಿಟ್ಟಿರಲಿಲ್ಲ.

ಆದುದರಿಂದ ಲೆಕ್ಕವನ್ನು ತುದಿಯಿಂದ ಆರಂಭಿಸಬೇಕು. ಮಾರುವ ಬೆಲೆ 28 ಲಕ್ಷವೆಂದು ಇಟ್ಟುಕೊಂಡು, ದುರಸ್ತಿ, ಬಡ್ಡಿ, ದಲ್ಲಾಳಿ, ಕಂದಾಯ, ಸ್ವಂತ ಕೂಲಿ, ಸ್ವಂತ ಹಣದ ಬಡ್ಡಿಗಳನ್ನು ಕಳೆದರೆ 20,65,000 ಉಳಿಯುತ್ತದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 2 ಆಗಿರುವುದರಿಂದ ಕೊಳ್ಳುವ ಶುಲ್ಕ ಒಟ್ಟು ಶೇಕಡ 7.6. ಅದನ್ನೂ ಸೇರಿಸಿದರೆ ಮನೆಗೆ 19,19,000ಕ್ಕಿಂತ ಹೆಚ್ಚು ಕೊಟ್ಟವನಿಗೆ ನಷ್ಟವೇ. ಜೊತೆಗೆ, 24 ತಿಂಗಳೊಳಗೆ ಮಾರಿದರೆ ಬಂದ ಗಳಿಕೆ ಅಲ್ಪಾವಧಿಯದೆಂದು ಇತರ ಆದಾಯದೊಡನೆ ಸೇರಿ ತೆರಿಗೆಗೆ ಒಳಪಡುತ್ತದೆ. ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು ಕಾಣುವುದಿಲ್ಲ.

ಈಗ ತಂದೆ ಎರಡನೆಯ ಮನೆಯೊಂದನ್ನು ನೋಡಿದ್ದಾರೆ. ಈ ಲೆಕ್ಕವನ್ನು ಓದಿ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ‘ತೊಲೆ ಬದಲಿಸಿದ್ದು ತಪ್ಪೇನಮ್ಮ? ನೀನು ಓದಿದವಳು, ಹೇಳು’ ಎಂದರು. ತಪ್ಪಿದ್ದು ತೊಲೆಯಲ್ಲಿ ಅಲ್ಲ, ಕೊಂಡ ಬೆಲೆಯಲ್ಲಿ ಎಂದೆನು. ಮರುದಿನ ಅವರು ಸುತ್ತಿಗೆಯೊಡನೆ ಆ ಮನೆಗೆ ಹೋಗಿ, ಮಾಲೀಕರ ಅನುಮತಿ ಕೇಳಿ, ಒಂದೊಂದು ತೊಲೆಯ ತುದಿಯನ್ನೂ ತಟ್ಟಿ ನೋಡಿ ಬಂದರು.