ಕಡಲ್ಗಳ್ಳತನ: ಎಂ.ವಿ. ರುಯೆನ್ ಪ್ರಕರಣ

ಕೆಲವು ವರ್ಷ ತಣ್ಣಗಿದ್ದ ಸೊಮಾಲಿಯಾದ ಕಡಲ್ಗಳ್ಳರು 2023ರ ಕೊನೆಗೆ ಮತ್ತೆ ತಲೆ ಎತ್ತಿದರು. ಯೆಮನ್‌ನ ಹೂಥಿ ಬಂಡುಕೋರರ ದಾಳಿಗಳಿಂದಾಗಿ ನೌಕಾಪಡೆಗಳ ಗಮನ ಕೆಂಪು ಸಮುದ್ರದತ್ತ ಹರಿದದ್ದು ಅವರಿಗೆ ಅನುಕೂಲವಾಯಿತು.

ಆ ಡಿಸೆಂಬರ್‌ನಲ್ಲಿ ಮಾಲ್ಟಾ ಧ್ವಜದ ಸರಕು ಹಡಗು ರುಯೆನ್ ಅಪಹರಣವಾಯಿತು. ಕಳ್ಳರು ಅದನ್ನೇ ನೆಲೆ ಮಾಡಿಕೊಂಡು ಬೇರೆ ಹಡಗುಗಳ ಬೇಟೆಗೆ ಹೊರಟಿದ್ದರು. 2024ರ ಮಾರ್ಚ್‌ನಲ್ಲಿ ಭಾರತೀಯ ನೌಕಾಪಡೆಯ ಯುದ್ಧನೌಕೆ ಐಎನ್‌ಎಸ್ ಕೋಲ್ಕತ್ತಾ ಅಡ್ಡಗಟ್ಟಿದಾಗ ಕಳ್ಳರು ಅದರ ಡ್ರೋನ್‌ಗೇ ಗುಂಡು ಹೊಡೆದು ಬೀಳಿಸಿದರು. ವಾಯುಪಡೆಯ ಸಿ-17 ವಿಮಾನದಿಂದ ನೌಕಾಪಡೆಯ ಮಾರ್ಕೋಸ್ ಕಮಾಂಡೋಗಳು ಪ್ಯಾರಾಚೂಟ್ ಕಟ್ಟಿಕೊಂಡು ಸಮುದ್ರಕ್ಕಿಳಿದರು. ಸುಮಾರು 40 ಗಂಟೆಗಳ ಕಾರ್ಯಾಚರಣೆಯ ಬಳಿಕ 35 ಕಳ್ಳರು ಶರಣಾದರು, 17 ಸಿಬ್ಬಂದಿ ಪಾರಾದರು.

ಮುಂದಿನದ್ದೇ ಹೆಚ್ಚು ಮಹತ್ವದ್ದು. ಸಿಕ್ಕಿಬಿದ್ದ ಕಳ್ಳರನ್ನು ಆಯುಧ ಕಸಿದು ಬಿಟ್ಟುಬಿಡುವುದು ಹಲವು ದೇಶಗಳ ನೌಕಾಪಡೆಗಳ ರೂಢಿಯಾಗಿತ್ತು. ಈ 35 ಮಂದಿಯನ್ನು ಮಾತ್ರ ಮುಂಬೈ ಪೊಲೀಸರಿಗೆ ಒಪ್ಪಿಸಲಾಯಿತು. ಅದಕ್ಕೆ ಬಲ ಕೊಟ್ಟದ್ದು ಭಾರತದ 2022ರ ಕಡಲ್ಗಳ್ಳತನ ನಿಗ್ರಹ ಕಾಯ್ದೆ.

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವ ಅಂಶ: ಕರಾವಳಿ ದೇಶದ 12 ನಾಟಿಕಲ್ ಮೈಲಿಯೊಳಗೆ ನಡೆದ ಕೃತ್ಯ ಸಶಸ್ತ್ರ ದರೋಡೆ ಎನಿಸುತ್ತದೆ, ಅದರಾಚೆಗಿನದ್ದಷ್ಟೇ ಕಡಲ್ಗಳ್ಳತನ. ನೆನಪಿಡಬೇಕಾದ ಇನ್ನೊಂದು ಅಂಶ: ಹಿಂದೂ ಮಹಾಸಾಗರದ ಹಡಗು ಸಂಚಾರದ ಮೇಲೆ ಕಣ್ಣಿಡುವ ಭಾರತೀಯ ನೌಕಾಪಡೆಯ ಮಾಹಿತಿ ಕೇಂದ್ರ 2018ರಿಂದ ಗುರುಗ್ರಾಮದಲ್ಲಿದೆ.