ವಿಗ್ರಹಕ್ಕೆ ಬೆಳಕು ಹಿಡಿಯುವುದು: ಮನೆಯಲ್ಲೇ ಒಂದು ಫ್ಲ್ಯಾಶ್ ಸ್ಟುಡಿಯೊ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಕಲ್ಲಿನ ಕೆತ್ತನೆಗೂ ಪಂಚಲೋಹದ ಎರಕಕ್ಕೂ ಹೆಸರಾದ ಊರು. ದೂರದ ದೇವಸ್ಥಾನದ ಸಮಿತಿಯವರು ಇಲ್ಲಿಗೆ ಬರುವ ಮೊದಲು ವಾಟ್ಸಾಪಿನಲ್ಲಿ ಫೋಟೊ ಕೇಳುತ್ತಾರೆ. ತಿಂಗಳುಗಟ್ಟಲೆ ಕಟೆದ ಮೂರ್ತಿಯನ್ನು ಶೆಡ್ಡಿನ ಟ್ಯೂಬ್‌ಲೈಟಿನಡಿ ಫೋನಿನಲ್ಲಿ ಹಿಡಿದು ಕಳಿಸಿದರೆ ಮುಖದ ಕಳೆ, ಆಭರಣದ ಸೂಕ್ಷ್ಮ ಎಲ್ಲ ಮಾಯ. ಕಾಣುವುದು ಬರೀ ಕಪ್ಪು ಕಲ್ಲು. ಆ ಕೆಲಸಕ್ಕೆ ನ್ಯಾಯ ಸಿಗಬೇಕು. ಮನೆಯ ಒಂದು ಕೋಣೆ, ಒಂದೇ ಒಂದು ಫ್ಲ್ಯಾಶ್ ಇದ್ದರೆ ಅದು ಸಾಧ್ಯ. ಕ್ಯಾಮೆರಾ ಹೊಸದಾಗಿ ಹಿಡಿಯುತ್ತಿರುವ ಶಿಲ್ಪಿ ಮನೆತನದ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಹಂತ 1: ಜಾಗ

ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ಕೋಣೆ ಸಾಕು. ಗ್ರೈಂಡರ್ ಓಡುವ ಜಾಗದಿಂದ ಅದು ದೂರವಿರಲಿ. ಕಲ್ಲಿನ ದೂಳು ಲೆನ್ಸಿನ ಸಂದುಗಳಿಗೆ ಇಳಿಯುತ್ತದೆ. ಲೆನ್ಸ್ ಬಿಚ್ಚಿದಾಗ ಸೆನ್ಸರಿನ ಮೇಲೂ ಕೂರುತ್ತದೆ. ಕಿಟಕಿಗೆ ದಪ್ಪ ಪರದೆ ಹಾಕಿ. ಗೋಡೆಗಳು ಬಿಳಿಯಾಗಿದ್ದರೆ ಫ್ಲ್ಯಾಶಿನ ಬೆಳಕು ನಾಲ್ಕೂ ಕಡೆಯಿಂದ ತಿರುಗಿ ಬಂದು ನಿಮಗೆ ಬೇಕಾದ ನೆರಳನ್ನೇ ನುಂಗುತ್ತದೆ, ಹಾಗಾಗಿ ಪಕ್ಕದ ಗೋಡೆಗೆ ಕಪ್ಪು ಬಟ್ಟೆ ಇಳಿಬಿಡಿ. ಆಳೆತ್ತರದ ಕಲ್ಲಿನ ಮೂರ್ತಿಯನ್ನು ಕೋಣೆಗೆ ತರಲಾಗದು. ಅದಕ್ಕೆ ಸಂಜೆ ಕತ್ತಲಾದ ಮೇಲೆ ಸ್ಟುಡಿಯೊವನ್ನೇ ಶೆಡ್ಡಿಗೆ ಒಯ್ಯಿರಿ.

ಹಂತ 2: ಸಾಮಾನು

ಕೈಯಿಂದ ಎಲ್ಲ ಹೊಂದಿಸಬಹುದಾದ, ಮೇಲೆ ಫ್ಲ್ಯಾಶ್ ಕೂರಿಸುವ ಹಾಟ್ ಶೂ ಇರುವ ಕ್ಯಾಮೆರಾ ಬೇಕು. ಹಳೆಯ ಡಿಎಸ್ಎಲ್ಆರ್ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕರೂ ಆದೀತು. ಫೋನನ್ನು ಇದಕ್ಕೆ ನಂಬಬೇಡಿ. ಹೊರಗಿನ ಫ್ಲ್ಯಾಶಿನ ಜೊತೆ ಸರಿಯಾಗಿ ತಾಳ ಕೂಡಿಸಿ ಚಿತ್ರ ತೆಗೆಯಲು ಬಹುತೇಕ ಫೋನುಗಳಿಗೆ ಬರುವುದಿಲ್ಲ. ಫ್ಲ್ಯಾಶ್ ಮಾತ್ರ ಬ್ಯಾಟರಿಯದ್ದೇ ಇರಲಿ. ನಾಲ್ಕು ಎಎ ರೀಚಾರ್ಜಬಲ್ ಸೆಲ್ಲುಗಳಲ್ಲಿ ನಡೆಯುವ ಮ್ಯಾನ್ಯುಯಲ್ ಫ್ಲ್ಯಾಶ್ ಕರೆಂಟ್ ಹೋದರೂ ಕೆಲಸ ನಿಲ್ಲಿಸುವುದಿಲ್ಲ, ಶೆಡ್ಡಿಗೂ ಸುಲಭವಾಗಿ ಬರುತ್ತದೆ. ಗೋಡಾಕ್ಸ್ ಕಂಪನಿಯ ಟಿಟಿ 600 ಇಂಥದ್ದೊಂದು. ಇದರ ಜೊತೆಗೆ ನಿಮ್ಮ ಕ್ಯಾಮೆರಾಗೆ ಹೊಂದುವ ರೇಡಿಯೊ ಟ್ರಿಗರ್, ಒಂದು ಲೈಟ್ ಸ್ಟ್ಯಾಂಡ್, ಎರಡೂವರೆ ಅಡಿಯ ಸಾಫ್ಟ್‌ಬಾಕ್ಸ್, ಒಂದು ಟ್ರೈಪಾಡ್. ಬಿಳಿ ಕೊಡೆ ಅಗ್ಗ, ನಿಜ. ಆದರೆ ಚಿಕ್ಕ ಕೋಣೆಯಲ್ಲಿ ಅದರ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಸಾಫ್ಟ್‌ಬಾಕ್ಸಿಗೇ ದುಡ್ಡು ಹಾಕಿ. ಸ್ಟ್ಯಾಂಡಿನ ಕಾಲಿಗೆ ಒಂದೆರಡು ಮಾಲೂರು ಇಟ್ಟಿಗೆ ಕಟ್ಟಿದರೆ ಅದು ವಿಗ್ರಹದ ಮೇಲೆ ಉರುಳುವ ಭಯವಿರದು.

ಹಂತ 3: ಹಿನ್ನೆಲೆ

ಬೂದು ಬಣ್ಣದ, ಹೊಳಪಿಲ್ಲದ ಬಟ್ಟೆಯನ್ನು ಇಸ್ತ್ರಿ ಮಾಡಿ ಗೋಡೆಯ ಮೇಲಿಂದ ಮೇಜಿನವರೆಗೆ ಬಾಗಿಸಿ ಇಳಿಬಿಡಿ, ಮಡಿಕೆ ಬೀಳದಂತೆ. ವಿಗ್ರಹಕ್ಕೂ ಗೋಡೆಗೂ ನಾಲ್ಕಡಿ ಅಂತರವಿರಲಿ. ಕೃಷ್ಣಶಿಲೆಗೆ ಕಪ್ಪು ಬಟ್ಟೆ ಕಟ್ಟಬೇಡಿ, ಕಿರೀಟದ ಅಂಚು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ.

ಹಂತ 4: ಕ್ಯಾಮೆರಾ ಎಲ್ಲಿ, ಎಷ್ಟು ಎತ್ತರದಲ್ಲಿ

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಶಿಲ್ಪಿ ತಾಲಮಾನದ ಲೆಕ್ಕ ಹಾಕಿ ಮುಖಕ್ಕೆ ಇಷ್ಟು, ಎದೆಗೆ ಇಷ್ಟು, ಮೊಣಕಾಲಿಗೆ ಇಷ್ಟು ಎಂದು ಅಳೆದು ಕೆತ್ತಿರುತ್ತಾರೆ. ವೈಡ್ ಲೆನ್ಸಿನಲ್ಲಿ ಎರಡಡಿ ಹತ್ತಿರ ನಿಂತು, ಕೆಳಗಿನಿಂದ ತೆಗೆದರೆ ಪಾದ, ಪೀಠ ದೊಡ್ಡದಾಗಿ ಕಿರೀಟ ಕುಗ್ಗುತ್ತದೆ. ಅಳತೆ ಬಲ್ಲ ಸ್ಥಪತಿಯೋ ಆಗಮಿಕರೋ ಆ ಫೋಟೊ ನೋಡಿದರೆ ಮೂರ್ತಿಯಲ್ಲೇ ದೋಷವಿದೆ ಎಂದುಕೊಳ್ಳುತ್ತಾರೆ. ಆದ್ದರಿಂದ 50 ಮಿಮೀ ಲೆನ್ಸ್ ಹಾಕಿ, ಅಥವಾ ಕ್ಯಾಮೆರಾ ಜೊತೆ ಬಂದ 18-55ನ್ನು 55ಕ್ಕೆ ತಿರುಗಿಸಿ. ಎರಡಡಿ ಎತ್ತರದ ವಿಗ್ರಹಕ್ಕೆ ಆರೇಳು ಅಡಿ ಹಿಂದೆ ಸರಿಯಿರಿ. ಕ್ಯಾಮೆರಾ ಮೂರ್ತಿಯ ನಡುಮಟ್ಟಕ್ಕೆ ಇರಲಿ, ಮೇಲಕ್ಕೂ ಕೆಳಕ್ಕೂ ವಾಲದಿರಲಿ.

ಹಂತ 5: ಮೊದಲು ಕತ್ತಲು

ಮೋಡ್ ಎಂ, ಐಎಸ್ಒ 100, ಶಟರ್ 1/160, ಅಪರ್ಚರ್ ಎಫ್/8, ವೈಟ್ ಬ್ಯಾಲೆನ್ಸ್ ಫ್ಲ್ಯಾಶ್, ಫೈಲ್ ರಾ. ಫ್ಲ್ಯಾಶ್ ಹಚ್ಚದೆ ಒಂದು ಚಿತ್ರ ತೆಗೆಯಿರಿ. ಪೂರ್ತಿ ಕಪ್ಪಾಗಿ ಬಂದರೆ ಸರಿ. ಕೋಣೆಯ ಬಲ್ಬು, ಕಿಟಕಿಯ ಬೆಳಕು ಯಾವುದೂ ಇನ್ನು ನಿಮ್ಮ ಚಿತ್ರದೊಳಗೆ ಬರುವುದಿಲ್ಲ. ಶಟರನ್ನು 1/200, 1/250 ದಾಟಿಸಬೇಡಿ, ಹೆಚ್ಚಿನ ಕ್ಯಾಮೆರಾಗಳಲ್ಲಿ ಆಮೇಲೆ ಚಿತ್ರದ ಒಂದು ಬದಿಗೆ ಕಪ್ಪು ಪಟ್ಟಿ ಬೀಳುತ್ತದೆ.

ಹಂತ 6: ಫ್ಲ್ಯಾಶ್ ಪಕ್ಕಕ್ಕೆ

ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಿ. ಇಡೀ ಸ್ಟುಡಿಯೊದ ಗುಟ್ಟು ಇಷ್ಟೇ. ಎದುರಿನಿಂದ ಬಿದ್ದ ಬೆಳಕು ಉಳಿಯ ಗುರುತುಗಳನ್ನೆಲ್ಲ ತುಂಬಿ ಸಪಾಟು ಮಾಡುತ್ತದೆ. ಪಕ್ಕದ ಬೆಳಕು ಹಾರದ ಒಂದೊಂದು ಮಣಿಯನ್ನೂ ಎತ್ತಿ ತೋರಿಸುತ್ತದೆ. ಸಾಫ್ಟ್‌ಬಾಕ್ಸನ್ನು ಮೂರ್ತಿಯ ಎಡಕ್ಕೆ 45 ಡಿಗ್ರಿಯಲ್ಲಿ, ಕಿರೀಟಕ್ಕಿಂತ ಎತ್ತರದಲ್ಲಿ, ಮೂರಡಿ ದೂರದಲ್ಲಿ ನಿಲ್ಲಿಸಿ ಕೆಳಮುಖವಾಗಿ ಬಾಗಿಸಿ. ಪವರ್ 1/4ಕ್ಕೆ ಇಟ್ಟು ತೆಗೆಯಿರಿ. ಕಪ್ಪಾದರೆ 1/2, ಬಿಳಿಚಿಕೊಂಡರೆ 1/8. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆಂಬುದು ನೆನಪಿರಲಿ: ಮೂರಡಿಯಿಂದ ಆರಡಿಗೆ ಸರಿಸಿದರೆ 1/4 ಇದ್ದ ಪವರನ್ನು ಪೂರ್ತಿಗೆ ಏರಿಸಬೇಕಾಗುತ್ತದೆ. ನೆರಳಿನ ಬದಿ ತೀರಾ ಕಡುವಾದರೆ ಅಲ್ಲೊಂದು ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ, ಹತ್ತಿರ ದೂರ ಮಾಡುತ್ತ ಮುಖದ ಮೇಲೆ ಕಣ್ಣಿಡಿ. ರೆಪ್ಪೆಯ ಕೆಳಗಿನ ನೆರಳು ಉಳಿಯಬೇಕು, ಕಣ್ಣು ಮುಚ್ಚಿಹೋಗಬಾರದು.

ಹಂತ 7: ಕಪ್ಪು ಕಲ್ಲು, ಹೊಳೆಯುವ ಲೋಹ

ಪಾಲಿಶ್ ಆದ ಕೃಷ್ಣಶಿಲೆ ಬೆಳಕನ್ನು ಹೀರಿಕೊಳ್ಳುತ್ತದೆ. ಅದರ ರೂಪ ನಮಗೆ ಕಾಣುವುದು ಮೈಮೇಲೆ ಹರಿಯುವ ಹೊಳಪಿನ ಗೆರೆಗಳಿಂದ. ಪವರ್ ಏರಿಸಿದರೆ ಆ ಗೆರೆ ಸುಟ್ಟ ಚುಕ್ಕೆಯಾಗುತ್ತದೆ. ಬದಲಿಗೆ ಬೆಳಕಿನ ಮುಖವನ್ನು ದೊಡ್ಡದು ಮಾಡಿ. ಸಾಫ್ಟ್‌ಬಾಕ್ಸಿಗೂ ಮೂರ್ತಿಗೂ ನಡುವೆ ತೆಳು ಬಿಳಿ ಪಂಚೆಯೊಂದನ್ನು ಬಿಗಿಯಾಗಿ ಕಟ್ಟಿ. ಹೊಳಪು ಭುಜದಿಂದ ತೋಳಿಗೆ ಮೆತ್ತಗೆ ಇಳಿಯುತ್ತದೆ. ಪಂಚಲೋಹಕ್ಕೂ ಇದೇ ಪಂಚೆ. ಆದರೆ ಲೋಹ ಎದುರಿಗಿರುವುದನ್ನೆಲ್ಲ ಕನ್ನಡಿಯಂತೆ ತೋರಿಸುತ್ತದೆ, ನಿಮ್ಮ ಕೆಂಪು ಅಂಗಿಯನ್ನೂ. ಕಪ್ಪು ಬಟ್ಟೆ ತೊಡಿ. ಪ್ರತಿಫಲನ ಬೇಡದ ಕಡೆಗೆ ಎದುರಾಗಿ ಕಪ್ಪು ಚಾರ್ಟ್ ಕಾಗದದ ಪಟ್ಟಿ ಹಿಡಿದರೆ, ಲೋಹದ ಮೈಯಲ್ಲಿ ಒಂದು ಗಟ್ಟಿ ಅಂಚು ಮೂಡಿ ದುಂಡುತನ ಎದ್ದು ಬರುತ್ತದೆ. ಇಲ್ಲಿ ಆತುರ ಬೇಡ. ಕಾಗದವನ್ನು ಒಂದು ಅಂಗುಲ ಆಚೆ ಈಚೆ ಸರಿಸಿದರೂ ಚಿತ್ರ ಬೇರೆಯಾಗುತ್ತದೆ. ಸಂಜೆಯೆಲ್ಲ ಒಂದೇ ವಿಗ್ರಹಕ್ಕೆ ಹೋದರೂ ಹೋಗಲಿ.

ಹಂತ 8: ತೆಗೆಯುವುದು, ಕಳಿಸುವುದು

ಎದುರು, ಎರಡು ಬದಿ, ಬೆನ್ನು. ಹತ್ತಿರದಿಂದ ಮುಖ, ಹಸ್ತಗಳು, ಆಯುಧ, ಪೀಠ. ಒಂದು ಚಿತ್ರದಲ್ಲಿ ಪಕ್ಕಕ್ಕೆ ಅಳತೆ ಪಟ್ಟಿ ನಿಲ್ಲಿಸಿ, ಎತ್ತರ ಕೇಳುವವರಿಗೆ ಅದೇ ಉತ್ತರ. ಫೈಲಿನ ಹೆಸರಿನಲ್ಲಿ ಮೂರ್ತಿ, ಕಲ್ಲು ಅಥವಾ ಲೋಹ, ಎತ್ತರ ಮತ್ತು ಕೆತ್ತಿದವರ ಹೆಸರು ತಪ್ಪದೆ ಇರಲಿ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ಎರಡನೆಯ ಫ್ಲ್ಯಾಶ್ ಕೊಳ್ಳುವ ಆಸೆ ಬೇಗ ಬರುತ್ತದೆ. ಒಂದರಲ್ಲಿ ಕಲ್ಲು, ಲೋಹ ಎರಡೂ ಕೈಗೆ ಒಗ್ಗುವ ತನಕ ತಡೆಯಿರಿ. ಕೊಂಡ ಮೇಲೆ ಅದನ್ನು ಪ್ರಭಾವಳಿಯ ಹಿಂದೆ, ಕ್ಯಾಮೆರಾಗೆ ಕಾಣದಂತೆ, 1/32 ಪವರಿನಲ್ಲಿಟ್ಟು ಶುರುಮಾಡಿ.